ಈ ಕಾಫಿ ಯಾವ ತೋಟದ್ದು?

ಇಂದಿರಾನಗರದ್ದೋ ಜಯನಗರದ್ದೋ, ಯಾವುದಾದರೂ ಹೊಸ ಕೆಫೆಯ ಕೌಂಟರ್ ಮುಂದೆ ನಿಂತು ನೋಡಿ. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿರುತ್ತಾರೆ: ಊರು ಕೊಡಗು, ತೋಟ ಇಂಥದ್ದು, ಸಮುದ್ರಮಟ್ಟದಿಂದ ಇಷ್ಟು ಮೀಟರ್ ಎತ್ತರ, ತಳಿ ಎಸ್ 795, ಹುರಿದ ತಾರೀಕು ಇಷ್ಟು. ಏಪ್ರನ್ ಕಟ್ಟಿಕೊಂಡ ಹುಡುಗಿಯನ್ನು ಕೇಳಿದರೆ ಇನ್ನೂ ನಾಲ್ಕು ಮಾತು ಸೇರಿಸುತ್ತಾಳೆ. "ಇದ್ರಲ್ಲಿ ಸ್ವಲ್ಪ ಕಿತ್ತಳೆ ಥರ ಬರುತ್ತೆ ಸರ್." ನಮಗೆ ಕಿತ್ತಳೆ ಸಿಕ್ಕಲಿ ಬಿಡಲಿ, ತಲೆ ಆಡಿಸುತ್ತೇವೆ. ಮುನ್ನೂರು ರೂಪಾಯಿ ಕೊಟ್ಟ ಮೇಲೆ ಕಿತ್ತಳೆ ಬರಲೇಬೇಕು.

ಈ ಕಾಫಿ ಯಾವ ತೋಟದ್ದು ಅಂತ ಹೇಳುವುದು ಇವತ್ತು ಬರಿಸ್ತಾ ಕೆಲಸದ ಒಂದು ಭಾಗ. ಹಾಲು ನೊರೆ ಬರಿಸುವಷ್ಟೇ ಮಾಮೂಲು. ಆದರೆ 1942ರಿಂದ 1990ರ ದಶಕದವರೆಗೆ ಈ ದೇಶದಲ್ಲಿ ಕಾಫಿ ಮಾಡಿಕೊಡುತ್ತಿದ್ದವರನ್ನು ಈ ಪ್ರಶ್ನೆ ಕೇಳಿದ್ದರೆ ನಿಮ್ಮ ಮುಖವನ್ನೇ ನೋಡುತ್ತಿದ್ದರು. ಅದಕ್ಕೆ ಉತ್ತರ ಇಲ್ಲದ ಹಾಗೆ ಒಂದು ಕಾನೂನೇ ಇತ್ತು. ಕೊಡಗಿನಲ್ಲಿ ಕಾಫಿ ಬೆಳೆದವನು ತನ್ನದೇ ಮನೆ ಮುಂದೆ ಒಂದು ಅಂಗಡಿ ಇಟ್ಟು, ತನ್ನದೇ ತೋಟದ ಪುಡಿ ಹಾಕಿ, ಒಂದು ಲೋಟ ಕಾಫಿ ಮಾರುವಂತಿರಲಿಲ್ಲ. ಈ ಕಥೆ ಗೊತ್ತಿಲ್ಲದೆ ಕೌಂಟರ್ ಆಚೆ ನಿಂತವರ ಕೆಲಸದ ಚರಿತ್ರೆ ಅರ್ಥವಾಗೋದಿಲ್ಲ.

ಮೊದಲು ಆ ಕೆಲಸ ಏನು ಅಂತ ನೋಡೋಣ. ನಾವು ನೋಡುವುದು ಕೊನೆಯ ಎರಡು ನಿಮಿಷ ಮಾತ್ರ: ಹಾಲಿನಲ್ಲಿ ಎಲೆ, ಹೃದಯ ಬಿಡಿಸುವುದು. ದಿನ ಶುರುವಾಗುವುದು ಅದಕ್ಕೆ ಬಹಳ ಮುಂಚೆ. ಯಂತ್ರ ಪೂರ್ತಿ ಕಾಯಲು ಅರ್ಧ ಗಂಟೆಯಾದರೂ ಬೇಕು. ಅಷ್ಟರಲ್ಲಿ ಹಾಲು ಎಣಿಸಬೇಕು, ನಿನ್ನೆ ಉಳಿದದ್ದನ್ನು ಮುಂದೆ ಇಡಬೇಕು, ಬೀಜದ ಚೀಲದ ತಾರೀಕು ನೋಡಬೇಕು. ಆಮೇಲೆ ಗ್ರೈಂಡರ್ ಹೊಂದಿಸುವ ಕೆಲಸ. ಸಾಮಾನ್ಯವಾಗಿ 18 ಗ್ರಾಂ ಪುಡಿ, ಸುಮಾರು 9 ಬಾರ್ ಒತ್ತಡ, 25ರಿಂದ 30 ಸೆಕೆಂಡಿನಲ್ಲಿ 36 ಗ್ರಾಂನಷ್ಟು ಕಾಫಿ ಇಳಿಯಬೇಕು. ಬೇಗ ಇಳಿದರೆ ಹುಳಿ, ತಡವಾದರೆ ಕಹಿ. ನಿನ್ನೆ ರಾತ್ರಿ ಸರಿಯಾಗಿದ್ದ ಪುಡಿ ಇವತ್ತು ಬೆಳಿಗ್ಗೆ ಸರಿ ಇರುವುದಿಲ್ಲ, ಯಾಕಂದರೆ ಗಾಳಿಯಲ್ಲಿನ ತೇವ ಬದಲಾದರೆ ಪುಡಿಯ ಸ್ವಭಾವವೂ ಬದಲಾಗುತ್ತೆ. ಜುಲೈ ತಿಂಗಳ ಮಡಿಕೇರಿಯಲ್ಲಿ ಕೆಫೆ ನಡೆಸುವವರನ್ನು ಕೇಳಿ, ಮಳೆ ಒಂದು ಗಂಟೆ ಬಿಟ್ಟು ಮತ್ತೆ ಹಿಡಿದರೆ ಗ್ರೈಂಡರ್ ಮತ್ತೆ ತಿರುಗಿಸಬೇಕು. ಮೊದಲ ಎರಡು ಮೂರು ಕಪ್ ಸಿಂಕಿಗೇ ಹೋಗುತ್ತವೆ. ಅದಕ್ಕೂ ಮುಂಚೆ ಬರಿಸ್ತಾ ಅದನ್ನು ಖಾಲಿ ಹೊಟ್ಟೆಯಲ್ಲಿ ಕುಡಿದು ನೋಡಿರುತ್ತಾನೆ.

ಹಾಲನ್ನು 60ರಿಂದ 65 ಡಿಗ್ರಿಗೆ ನಿಲ್ಲಿಸಬೇಕು ಅನ್ನುತ್ತೆ ತರಬೇತಿ. ಅದಕ್ಕಿಂತ ಮೇಲೆ ಹೋದರೆ ಹಾಲಿನ ಸಿಹಿ ಹೋಗಿ ಬೆಂದ ವಾಸನೆ ಬರುತ್ತೆ. ನಮ್ಮ ಜನ ಬಿಡುತ್ತಾರಾ? ತುಟಿ ಸುಡದಿದ್ದರೆ ಅದು ಕಾಫಿಯೇ ಅಲ್ಲ ಅನ್ನುವ ನಾಡು ಇದು. "ಸ್ವಲ್ಪ ಬಿಸಿ ಮಾಡ್ಕೊಡಿ" ಎಂಬ ಮಾತನ್ನು ದಿನಕ್ಕೆ ಇಪ್ಪತ್ತು ಸಲ ಕೇಳಿಸಿಕೊಂಡು, ನಗುತ್ತಾ, ತಾನು ಕಲಿತ ಪಾಠವನ್ನು ತಾನೇ ಕೆಡಿಸುವುದೂ ಅವರ ನಿತ್ಯಕರ್ಮಗಳಲ್ಲಿ ಒಂದು. ಪ್ರತಿ ಸಲ ಹಾಲು ಕಾಯಿಸಿದ ಮೇಲೆ ಆವಿಯ ನಳಿಕೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒಮ್ಮೆ ಆವಿ ಬಿಡಬೇಕು. ಮರೆತರೆ ಹಾಲು ಒಳಗೇ ಹೆಪ್ಪುಗಟ್ಟುತ್ತೆ. ಚರಟ ಕುಟ್ಟಿ ಎಸೆಯಬೇಕು, ಬಿಲ್ ಮಾಡಬೇಕು, ಟೇಬಲ್ ಒರೆಸಬೇಕು, ಎಷ್ಟೋ ಕಡೆ ಶೌಚಾಲಯವೂ ಇವರದ್ದೇ. ರಾತ್ರಿ ಗ್ರಾಹಕರೆಲ್ಲ ಹೋದ ಮೇಲೆ ಯಂತ್ರಕ್ಕೆ ಸೋಪಿನ ಪುಡಿ ಹಾಕಿ ಹಿಂದುಮುಂದಾಗಿ ನೀರು ಹರಿಸಿ ತೊಳೆಯುವ ಕೆಲಸ ಒಂದಿದೆ. ಇಷ್ಟೆಲ್ಲ ನಿಂತೇ. ಕೂರುವ ಕುರ್ಚಿ ಕೌಂಟರಿನ ಈಚೆಗೆ ಮಾತ್ರ ಇರುತ್ತೆ.

ಬರಿಸ್ತಾ ಎಂಬ ಪದಕ್ಕೇ ಒಂದು ವಿಚಿತ್ರ ಹುಟ್ಟು ಇದೆ. ಇಟಲಿಯಲ್ಲಿ ಮೊದಲು ಇವರನ್ನು ಇಂಗ್ಲಿಷಿನಂತೆ ಬಾರ್‌ಮನ್ ಅಂತಲೇ ಕರೆಯುತ್ತಿದ್ದರು. ಮುಸೊಲಿನಿಯ ಕಾಲದಲ್ಲಿ ಪರಭಾಷೆಯ ಪದಗಳನ್ನು ಓಡಿಸುವ ಹುಮ್ಮಸ್ಸು ಬಂದಾಗ, 1930ರ ದಶಕದಲ್ಲಿ, ಬರಿಸ್ತಾ ಚಾಲ್ತಿಗೆ ಬಂತು. ಹಾಗೆ ಪರಭಾಷೆ ಬೇಡ ಅಂತ ಹುಟ್ಟಿದ ಪದ ಈಗ ಕನ್ನಡದಲ್ಲೂ ಬಂದು ಕೂತಿದೆ. ನಮ್ಮಲ್ಲಿ ಈ ಕೆಲಸಕ್ಕೆ ಪದಗಳಿಗೆ ಬರ ಇರಲಿಲ್ಲ. ಉಡುಪಿ ಹೋಟೆಲುಗಳಲ್ಲಿ ಕಾಫಿ ಮಾಡುವವರು ಬೇರೆ, ತಂದುಕೊಡುವ ಮಾಣಿ ಬೇರೆ, ಲೋಟ ಎತ್ತುವ ಕ್ಲೀನರ್ ಬೇರೆ, ಗಲ್ಲಾ ಮೇಲೆ ಕೂತವರು ಇನ್ನೂ ಬೇರೆ. ಬರಿಸ್ತಾ ಅಂದರೆ ಈ ನಾಲ್ವರನ್ನೂ ಒಂದೇ ಸಂಬಳದಲ್ಲಿ ಸೇರಿಸಿದ ವ್ಯವಸ್ಥೆ ಅಂತಲೂ ಹೇಳಬಹುದು.

ಈಗ ಕೊಡಗಿಗೆ ಬರೋಣ. 1834ರಲ್ಲಿ ಇಂಗ್ಲಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತಮ್ಮ ವಶಕ್ಕೆ ತೆಗೆದುಕೊಂಡರು. 1854ರಲ್ಲಿ ಫೌಲರ್ ಎಂಬ ಯುರೋಪಿಯನ್ ಪ್ಲಾಂಟರ್ ಮಡಿಕೇರಿಯಲ್ಲಿ ತೋಟ ಮಾಡಿದ. ಅಲ್ಲಿಂದ ಮುಂದಿನದು ನಿಮಗೆ ಗೊತ್ತಿರುವ ಕಥೆ: ಕಾಡು ಕಡಿದದ್ದು, ಕಾಂಡಕೊರಕ ಹುಳ, ಎಲೆ ತುಕ್ಕು ರೋಗ, ಅರೇಬಿಕಾ ಸೋತ ಕಡೆ ರೊಬಸ್ಟಾ ಬಂದದ್ದು. ನಾವು ಗಮನಿಸಬೇಕಾದದ್ದು ಒಂದೇ. ಈ ಕಾಫಿಯಲ್ಲಿ ಬಹುಪಾಲು ಕೊಡಗಿನಲ್ಲಿ ಯಾರೂ ಕುಡಿಯಲೆಂದು ಬೆಳೆದದ್ದಾಗಿರಲಿಲ್ಲ. ಕಣದಲ್ಲಿ ಒಣಗಿಸಿ, ಎತ್ತಿನ ಗಾಡಿಯಲ್ಲಿ ಘಟ್ಟ ಇಳಿಸಿ, ಮಂಗಳೂರು, ತಲಚೇರಿಗಳಲ್ಲಿ ಸಂಸ್ಕರಿಸಿ ಹಡಗಿಗೆ ಹಾಕಲು ಬೆಳೆದದ್ದು. ಮನೆಯಲ್ಲಿ ಉಳಿದದ್ದು ಬೆಲ್ಲ ಕಾಫಿ. ಒಲೆಯ ಮೇಲಿನ ಪಾತ್ರೆಯಲ್ಲಿ ನೀರು, ಬೆಲ್ಲ, ಮನೆಯಲ್ಲೇ ಹುರಿದು ಪುಡಿ ಮಾಡಿದ ಕಾಫಿ. ಹಾಲಿಲ್ಲ, ನೊರೆಯಿಲ್ಲ. ಇವತ್ತಿಗೂ ಕೊಡಗಿನ ಹಳೆ ಮನೆಗಳಿಗೆ ಹೋದರೆ ಕೇಳದೆಯೇ ಕೈಗೆ ಬರುವುದು ಅದು.

1930ರ ದಶಕದಲ್ಲಿ ಜಗತ್ತಿನ ಆರ್ಥಿಕ ಕುಸಿತಕ್ಕೆ ಸಿಕ್ಕಿ ಕಾಫಿ ಬೆಲೆ ಬಿತ್ತು. ಪಾಲಿಬೆಟ್ಟದಲ್ಲಿ 1922ರಿಂದ ಇದ್ದ ದೊಡ್ಡ ತೋಟಗಾರಿಕೆ ಕಂಪನಿಯ ಐವರ್ ಬುಲ್, ಮುಂದೆ ಕೊಡಗಿನ ಚೀಫ್ ಕಮಿಷನರ್ ಆದ ದಿವಾನ್ ಬಹದ್ದೂರ್ ಕೇಟೋಳಿರ ಚೆಂಗಪ್ಪ ಮುಂತಾದವರು ಸೇರಿ, ಹೊರದೇಶ ಕೈಬಿಟ್ಟರೆ ನಮ್ಮ ದೇಶದವರಿಗೇ ಕುಡಿಯಲು ಕಲಿಸಬೇಕು ಎಂಬ ತೀರ್ಮಾನಕ್ಕೆ ಬಂದರು. 1935ರಲ್ಲಿ ಕಾಫಿ ಸೆಸ್ ಕಾಯ್ದೆ ಬಂತು, ಅದರ ಹಿಂದೆ ಸೆಸ್ ಕಮಿಟಿ ಬಂತು. 1936ರಲ್ಲಿ ಮುಂಬೈಯ ಚರ್ಚ್‌ಗೇಟಿನಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆಯಿತು. ಬೆಳೆಗಾರರೇ ಹಣ ಹಾಕಿ ನಡೆಸಿದ ಜಾಹೀರಾತು ಅಂಗಡಿ ಅದು. ಬಿಳಿ ಸಮವಸ್ತ್ರ, ಬೀಸಣಿಗೆಯ ಹಾಗೆ ಬಿಚ್ಚಿಕೊಂಡ ರುಮಾಲು, ಸೊಂಟಕ್ಕೆ ಅಗಲ ಪಟ್ಟಿ. ಅಂದರೆ ಈ ದೇಶದ ಮೊದಲ 'ಚೈನ್' ಕೆಫೆಯನ್ನು ಹುಟ್ಟಿಸಿದವರಲ್ಲಿ ಕೊಡಗಿನ ಬೆಳೆಗಾರರೂ ಇದ್ದರು. ಮಾರ್ಕೆಟಿಂಗ್ ಓದಿದ ಗೆಳೆಯರಿಗೆ ಇದನ್ನು ಹೇಳಿದಾಗ ಅವರು ಸ್ಟಾರ್‌ಬಕ್ಸ್ ಹೆಸರು ಎತ್ತುತ್ತಾರೆ. ಆ ಕಂಪನಿ ಹುಟ್ಟಿದ್ದು 1971ರಲ್ಲಿ, ಇರಲಿ ಬಿಡಿ.

ಆಮೇಲೆ ಯುದ್ಧ. ಯುರೋಪಿನ ಮಾರುಕಟ್ಟೆ ಒಮ್ಮೆಗೇ ಮುಚ್ಚಿಹೋಯಿತು. ಗೋದಾಮಿನಲ್ಲಿ ಕಾಫಿ ಕೊಳೆಯುವ ಸ್ಥಿತಿ. 1940ರಲ್ಲಿ ಸರ್ಕಾರ ಕೈಹಾಕಿತು, 1942ರ ಕಾಫಿ ಕಾಯ್ದೆ ಅದನ್ನು ಕಾಯಂ ಮಾಡಿತು. ಪದ್ಧತಿ ಸರಳ: ಎಲ್ಲ ಬೆಳೆಗಾರರೂ ತಮ್ಮ ಬೆಳೆಯನ್ನು ಕಾಫಿ ಬೋರ್ಡಿನ ಪೂಲಿಗೆ ಒಪ್ಪಿಸಬೇಕು. ಮನೆ ಬಳಕೆಗೆ, ಬಿತ್ತನೆಗೆ ಒಂದಿಷ್ಟು ಇಟ್ಟುಕೊಳ್ಳಬಹುದು. ಬೇರೆಯವರಿಗೆ ಮಾರಿದರೆ ಅಪರಾಧ. ಬೋರ್ಡು ಎಲ್ಲವನ್ನೂ ದರ್ಜೆವಾರು ಸೇರಿಸಿ ಹರಾಜು ಹಾಕಿ, ಬಂದ ಹಣವನ್ನು ಅಂಕಗಳ ಲೆಕ್ಕದಲ್ಲಿ ಬೆಳೆಗಾರರಿಗೆ ಕಂತು ಕಂತಾಗಿ ಹಂಚುತ್ತಿತ್ತು. ಈ ವರ್ಷದ ಬೆಳೆಯ ಕೊನೆಯ ಕಂತು ಬರುವಷ್ಟರಲ್ಲಿ ಮುಂದಿನ ಬೆಳೆಯೂ ಕೊಯ್ದು ಮುಗಿದಿರುತ್ತಿತ್ತು. ಆದರೆ ಬರುತ್ತಿತ್ತು. ಹತ್ತು ಎಕರೆಯವನಿಗೆ ದಲ್ಲಾಳಿಯ ಮನೆ ಬಾಗಿಲಲ್ಲಿ ನಿಲ್ಲುವುದು ತಪ್ಪಿತು. ಇದನ್ನು ಮರೆತು ಪೂಲನ್ನು ಬರೀ ಬೈಯುವವರ ಜೊತೆ ನನಗೆ ಜಗಳ ಇದೆ.

ಅದೇ ಹೊತ್ತಿಗೆ, ಚೆನ್ನಾಗಿ ಬೆಳೆಯಬೇಕೆಂಬ ಆಸೆಯನ್ನೂ ಪೂಲು ತಿಂದುಹಾಕಿತು. ಹಣ್ಣು ಹಣ್ಣೇ ಆರಿಸಿ ಕೊಯ್ದು, ಅದೇ ದಿನ ಪಲ್ಪರ್‌ಗೆ ಹಾಕಿ, ಕಣದಲ್ಲಿ ಕಾದು ಒಣಗಿಸಿದವನ ಚೀಲವೂ, ಕಾಯಿ ಹಣ್ಣು ಒಟ್ಟಿಗೆ ಎಳೆದವನ ಚೀಲವೂ ಒಂದೇ ದರ್ಜೆಗೆ ಬಿದ್ದರೆ ಒಂದೇ ರಾಶಿ. ಸುಂಟಿಕೊಪ್ಪದ್ದೋ ಸಿದ್ದಾಪುರದ್ದೋ ಎಂಬ ಗುರುತು ಗೋದಾಮಿನ ಬಾಗಿಲಲ್ಲೇ ಅಳಿಸಿಹೋಗುತ್ತಿತ್ತು. ಕಾಫಿ ಹೌಸಿನ ಬಿಳಿ ಕಪ್ಪಿನಲ್ಲಿ ಇದ್ದದ್ದು ಈ ರಾಶಿಯ ಕಾಫಿ. ಯಾವ ತೋಟದ್ದು ಅಂತ ಯಾರೂ ಕೇಳುತ್ತಿರಲಿಲ್ಲ, ಕೇಳಿದರೂ ಹೇಳುವವರಿರಲಿಲ್ಲ.

ರಾಶಿಯಲ್ಲಿ ಹೆಸರು ಕಳೆದುಕೊಂಡದ್ದು ಬೀಜಗಳು ಮಾತ್ರ ಅಲ್ಲ. ದೇಶದಲ್ಲಿ ಐವತ್ತರ ಆಸುಪಾಸು ಕಾಫಿ ಹೌಸ್‌ಗಳಾಗಿದ್ದವು. 1950ರ ದಶಕದ ನಡುವೆ ಕಾಫಿ ಬೋರ್ಡು ಇವನ್ನು ಮುಚ್ಚಲು ತೀರ್ಮಾನಿಸಿತು. ರುಮಾಲು ಕಟ್ಟಿದವರಿಗೆಲ್ಲ ಕೆಲಸ ಹೋಗುವ ಸ್ಥಿತಿ. ಕಾರ್ಮಿಕ ಸಂಘ ಕಟ್ಟಿಕೊಂಡಿದ್ದ ಇವರ ಪರ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ನಿಂತರು. ಮುಚ್ಚುವುದೇ ಆದರೆ ಅಂಗಡಿಗಳನ್ನು ಕೆಲಸಗಾರರ ಕೈಗೇ ಕೊಡಿ ಅಂತ ಕೇಳಿದರು. ಆಗ ಹುಟ್ಟಿದ್ದು ಕಾಫಿ ಕೆಲಸಗಾರರ ಸಹಕಾರ ಸಂಘಗಳು. ಮೊದಲನೆಯದು 1957ರ ಆಗಸ್ಟ್ 19ರಂದು ನಮ್ಮ ಬೆಂಗಳೂರಿನಲ್ಲೇ. ಅದೇ ಅಕ್ಟೋಬರಿನಲ್ಲಿ ದೆಹಲಿಯಲ್ಲಿ, 1958ರ ಮಾರ್ಚಿನಲ್ಲಿ ತ್ರಿಶೂರಿನಲ್ಲಿ ಕೆಲಸಗಾರರೇ ಮಾಲೀಕರಾದ ಕಾಫಿ ಹೌಸ್‌ಗಳು ತೆರೆದವು. 'ಇಂಡಿಯಾ ಕಾಫಿ ಹೌಸ್' ಹೋಗಿ 'ಇಂಡಿಯನ್ ಕಾಫಿ ಹೌಸ್' ಆಯಿತು. ಒಂದಕ್ಷರದಷ್ಟು ವ್ಯತ್ಯಾಸ. ಆದರೆ ನಿನ್ನೆ ಕಪ್ ಎತ್ತುತ್ತಿದ್ದವನು ಇವತ್ತು ಸಂಘದ ಸಭೆಯಲ್ಲಿ ಕೂತು ಕಾಫಿಯ ಬೆಲೆ ಎಷ್ಟು ಇಡಬೇಕು ಅಂತ ಮತ ಹಾಕುತ್ತಿದ್ದ.

ಬೆಂಗಳೂರಿನ ಎಂ.ಜಿ. ರಸ್ತೆಯ ಕಾಫಿ ಹೌಸ್ 2009ರಲ್ಲಿ ಆ ಜಾಗ ಬಿಟ್ಟು ಚರ್ಚ್ ಸ್ಟ್ರೀಟಿಗೆ ಬಂದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಆಗ ಬಂದ ಲೇಖನಗಳಲ್ಲಿ ಮೇಜು, ಗೋಡೆ, ಅಲ್ಲಿ ಕೂರುತ್ತಿದ್ದ ಸಾಹಿತಿಗಳು, ಎಲ್ಲರ ನೆನಪೂ ಇತ್ತು. ಆ ಹೋಟೆಲು ನಡೆಸುವುದು ಅಲ್ಲಿನ ಕೆಲಸಗಾರರ ಸಂಘ ಎಂಬ ಮಾತು ಎಷ್ಟು ಲೇಖನಗಳಲ್ಲಿತ್ತು ಅಂತ ಹುಡುಕಿದರೆ ನಿರಾಶೆಯಾಗುತ್ತೆ. ನಮಗೆ ಕಾಫಿ ಹೌಸ್ ಅಂದರೆ ಕೂತವರ ಕಥೆ, ನಿಂತವರದ್ದಲ್ಲ.

ಪೂಲು ಮುರಿದದ್ದು ದೂರದ ಕಾರಣಗಳಿಂದ. 1989ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಬಿದ್ದುಹೋಯಿತು. ಎರಡು ವರ್ಷದಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ರೂಪಾಯಿ ಲೆಕ್ಕದಲ್ಲಿ ನಮ್ಮ ಕಾಫಿ ಕೊಳ್ಳುತ್ತಿದ್ದ ದೊಡ್ಡ ಗಿರಾಕಿ ಅದು. ಬೆಳೆಗಾರರ ಒತ್ತಾಯವೂ ಸೇರಿತು. 1992ರಲ್ಲಿ ಬೆಳೆಯ ಒಂದು ಪಾಲನ್ನು ದೇಶದೊಳಗೆ ತಾವೇ ಮಾರಿಕೊಳ್ಳಲು ಅನುಮತಿ ಸಿಕ್ಕಿತು. ಮುಂದಿನ ವರ್ಷಗಳಲ್ಲಿ ಆ ಪಾಲು ದೊಡ್ಡದಾಗುತ್ತಾ ಹೋಗಿ 1996ರ ಹೊತ್ತಿಗೆ ಪೂಲು ಪೂರ್ತಿ ಮುಗಿಯಿತು. ನಡುವೆ 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಕಾಫಿ ಬೆಲೆ ಗಗನಕ್ಕೇರಿತ್ತು. ಆ ಕಾಲದಲ್ಲಿ ಕೊಡಗಿನ ರಸ್ತೆಗಳಿಗೆ ಹೊಸ ಕಾರುಗಳು ಬಂದ ಕಥೆಯನ್ನು ಅಲ್ಲಿನವರು ಈಗಲೂ ನಗುತ್ತಾ ಹೇಳುತ್ತಾರೆ. ಆರೇಳು ವರ್ಷದಲ್ಲಿ ಬೆಲೆ ನೆಲಕಚ್ಚಿದಾಗ, ಅಂಕಗಳ ಲೆಕ್ಕದ ಹಳೆ ಕಂತುಗಳೇ ವಾಸಿಯಿತ್ತು ಅಂದವರೂ ಅವರೇ.

1996ರಲ್ಲೇ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ಶುರುವಾಯಿತು. ಇದು ಕಾಕತಾಳೀಯ ಅಲ್ಲ ಎಂದೇ ನನ್ನ ಅನಿಸಿಕೆ. ಚಿಕ್ಕಮಗಳೂರಿನ ಬೆಳೆಗಾರರ ಮನೆತನದ ವಿ.ಜಿ. ಸಿದ್ಧಾರ್ಥ, ತೋಟದಿಂದ ಕಪ್ಪಿನವರೆಗೆ ಒಂದೇ ಕೈಯಲ್ಲಿ ನಡೆಸುವ ವ್ಯಾಪಾರ ಕಟ್ಟಿದರು. ಅದು ಪೂಲಿನ ಕಾಲದಲ್ಲಿ ಕಾನೂನುಬದ್ಧವಾಗಿ ಸಾಧ್ಯವೇ ಇರಲಿಲ್ಲ. 2000ದಲ್ಲಿ ದೆಹಲಿಯಲ್ಲಿ 'ಬರಿಸ್ತಾ' ಹೆಸರಿನ ಅಂಗಡಿಯೇ ಬಂತು. ಅಲ್ಲಿಯವರೆಗೆ ಎಸ್‌ಪ್ರೆಸೊ ಅಂದರೆ ಮದುವೆಮನೆ, ವಸ್ತುಪ್ರದರ್ಶನಗಳಲ್ಲಿ ಬುಸುಗುಡುತ್ತಿದ್ದ ಯಂತ್ರದಿಂದ ಬರುವ, ಮೇಲೆ ಚಾಕೊಲೇಟ್ ಪುಡಿ ಉದುರಿಸಿದ ನೊರೆ ಹಾಲು ಅಂತ ತಿಳಿದಿದ್ದ ಜನಕ್ಕೆ, ಚಿಕ್ಕ ಕಪ್ಪಿನ ತಳದಲ್ಲಿ ಎರಡು ಗುಟುಕು ಕಪ್ಪು ಕಾಫಿ ಕೊಟ್ಟು "ಇದೇ ಸರ್ ಎಸ್‌ಪ್ರೆಸೊ" ಅಂತ ಹೇಳಬೇಕಾದ ಪಾಡು ಮೊದಲ ತಲೆಮಾರಿನ ಬರಿಸ್ತಾಗಳದ್ದು. ಎಷ್ಟು ಬೈಗುಳ ತಿಂದಿರಬೇಕೋ ಪಾಪ.

ಇಲ್ಲೊಂದು ತಮಾಷೆ ಇದೆ. ಆ ಕಪ್ಪಿನ ಮೇಲಿನ ಕಂದು ಕೆನೆ, ಕ್ರೆಮಾ ಅನ್ನುತ್ತಾರೆ, ಅದು ದಟ್ಟವಾಗಿ ನಿಲ್ಲಲಿ ಅಂತ ಇಟಲಿಯವರು ಅರೇಬಿಕಾ ಜೊತೆ ಒಂದಿಷ್ಟು ರೊಬಸ್ಟಾ ಸೇರಿಸುತ್ತಾರೆ. ಭಾರತದ ಕಾಫಿಯಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ರೊಬಸ್ಟಾ. ಅದರಲ್ಲಿ ಕೊಡಗಿನದು ದೊಡ್ಡ ಪಾಲು. ನಮ್ಮ ರಫ್ತಿನ ದೊಡ್ಡ ಗಿರಾಕಿ ಇಟಲಿ. ಹಾಗಾಗಿ ಮಿಲಾನಿನ ಬರಿಸ್ತಾ ಎಷ್ಟೋ ವರ್ಷಗಳಿಂದ ಕೊಡಗಿನ ಕಾಫಿ ಇಳಿಸುತ್ತಲೇ ಇದ್ದಾನೆ, ಹೆಸರು ಮಾತ್ರ ಗೊತ್ತಿಲ್ಲ. ಕಾಫಿ ಹೌಸಿನ ಬೇರರ್‌ಗೂ ಅವನಿಗೂ ಆ ಮಟ್ಟಿಗೆ ನೆಂಟಸ್ತಿಕೆ.

ಪಾಲಿಬೆಟ್ಟದ ಆ ಕಂಪನಿ ಏನಾಯಿತು? 1990ರ ದಶಕದಲ್ಲಿ ಟಾಟಾ ಕೈ ಸೇರಿತು, 2000ದಲ್ಲಿ ಟಾಟಾ ಕಾಫಿ ಅಂತ ಹೆಸರಾಯಿತು. 2012ರಲ್ಲಿ ಟಾಟಾ ಜೊತೆ ಸೇರಿ ಸ್ಟಾರ್‌ಬಕ್ಸ್ ಮುಂಬೈಯಲ್ಲಿ ಬಾಗಿಲು ತೆರೆದಾಗ, ಅದರ ಭಾರತದ ಅಂಗಡಿಗಳಿಗೆ ಕಾಫಿ ಹುರಿಯುವ ಘಟಕ ಬಂದದ್ದು ಕೊಡಗಿನ ಕುಶಾಲನಗರಕ್ಕೆ. 1936ರಲ್ಲಿ ಮುಂಬೈಗೆ ಕಾಫಿ ಕುಡಿಯಲು ಕಲಿಸಹೊರಟವರ ಕಂಪನಿ, ಎಪ್ಪತ್ತಾರು ವರ್ಷದ ನಂತರ ಅದೇ ಊರಿನಿಂದ ಮತ್ತೆ ಶುರು ಮಾಡಿತು. 2019ರಲ್ಲಿ ಕೊಡಗಿನ ಅರೇಬಿಕಾಗೆ ಭೌಗೋಳಿಕ ಸೂಚ್ಯಂಕದ ಗುರುತೂ ಸಿಕ್ಕಿತು. ರಾಶಿಯಲ್ಲಿ ಅಳಿಸಿಹೋದ ಊರಿನ ಹೆಸರಿಗೆ ಈಗ ಕಾನೂನೇ ಕಾವಲು.

ಈಗ ಸ್ವಲ್ಪ ಲೆಕ್ಕ ಮಾಡೋಣ, ಎಕ್ಸೆಲ್ ಬೇಡ. ಒಂದು ಕಿಲೋ ಅರೇಬಿಕಾ ಬೀಜಕ್ಕೆ ಹೆಚ್ಚುಕಡಿಮೆ ಆರು ಕಿಲೋ ಹಣ್ಣು ಬೇಕು. ಹುರಿದಾಗ ಬೀಜದ ತೂಕದಲ್ಲಿ ಇನ್ನೂ ಆರರಲ್ಲೊಂದು ಪಾಲು ಹೋಗುತ್ತೆ. ಬರಿಸ್ತಾ ತೂಗುವ 18 ಗ್ರಾಂ ಪುಡಿಗೆ ಸುಮಾರು 130 ಗ್ರಾಂ ಹಣ್ಣು, ಅಂದರೆ ಅರವತ್ತು ಎಪ್ಪತ್ತು ಹಣ್ಣು. ಡಿಸೆಂಬರ್ ಜನವರಿಯ ಚಳಿಯಲ್ಲಿ ಇಬ್ಬನಿಯಿಂದ ತೊಯ್ದ ಗಿಡದಿಂದ ಅಷ್ಟನ್ನು ಒಬ್ಬರು ಕೈಯಲ್ಲಿ ಬಿಡಿಸಿದ್ದಾರೆ. ಸಂಜೆ ಕಣದಲ್ಲಿ ರೈಟರು ತಕ್ಕಡಿಗೆ ಹಾಕಿ ಬರೆದುಕೊಂಡಿದ್ದಾರೆ. ಕ್ಯೂರಿಂಗ್ ವರ್ಕ್ಸಿನಲ್ಲಿ ಹೆಂಗಸರು ಸಾಲಾಗಿ ಕೂತು ಕಪ್ಪು ಕಾಳು, ಒಡೆದ ಕಾಳು ಆರಿಸಿ ತೆಗೆದಿದ್ದಾರೆ. ಬರಿಸ್ತಾ ಆ ಸಾಲಿನ ಕೊನೆಯವನು. ಸಾಲಿನಲ್ಲಿ ಗ್ರಾಹಕರ ಮುಖ ನೋಡುವವನು ಅವನೊಬ್ಬನೇ, ಹಾಗಾಗಿ ಕಾಫಿ ಕೆಟ್ಟರೆ ಬೈಸಿಕೊಳ್ಳುವವನೂ ಅವನೇ.

ಈಚೆಗೆ ಈ ಸಾಲು ತಿರುಗುಮುರುಗಾಗಿದೆ. ಕೊಯ್ಲಿಗೆ ಕೊಡಗಿನ ಲೈನ್ ಮನೆಗಳಿಗೆ ಅಸ್ಸಾಮಿನಿಂದ ಜನ ಬರುತ್ತಿದ್ದಾರೆ. ಬೆಂಗಳೂರಿನ ಕೆಫೆಗಳ ಕೌಂಟರ್ ಹಿಂದೆಯೂ ಈಶಾನ್ಯದ ಹುಡುಗ ಹುಡುಗಿಯರು ಬಹಳ. ಕೊಡಗಿನ ಮಕ್ಕಳು ಓದಿ ಬೆಂಗಳೂರಿಗೆ, ದುಬೈಗೆ ಹೋಗಿ ಕೌಂಟರಿನ ಈಚೆ ಕೂತು ಕುಡಿಯುತ್ತಿದ್ದಾರೆ. ಕೆಲವರು ವಾಪಸ್ ಬಂದು ಅಪ್ಪನ ತೋಟದ ಕಾಫಿಯನ್ನು ತಾವೇ ಹುರಿದು, ತೋಟದ ಗೇಟಿನ ಹತ್ತಿರವೇ ಯಂತ್ರ ಇಟ್ಟು ಮಾರುತ್ತಿದ್ದಾರೆ. ಅಜ್ಜನ ಕಾಲದಲ್ಲಿ ಇದಕ್ಕೆ ಕೇಸು ಬೀಳುತ್ತಿತ್ತು.

ಅಂಥ ಒಂದು ಕಡೆ, ಸೋಮವಾರಪೇಟೆಯ ದಾರಿಯಲ್ಲಿ, ಯಂತ್ರದ ಹಿಂದೆ ನಿಂತ ಹುಡುಗನನ್ನು ನಾನು ಅಭ್ಯಾಸದಿಂದ ಕೇಳಿದೆ, ಇದು ಯಾವ ತೋಟದ್ದು ಅಂತ. ಅವನು ಹಾಲಿನ ಜಗ್ ಕೆಳಗಿಡದೆ ಗಲ್ಲ ಎತ್ತಿ ಕಿಟಕಿಯ ಆಚೆ ತೋರಿಸಿದ. ಹೂಮಳೆ ಬಿದ್ದು ವಾರವಾಗಿತ್ತು, ಗಿಡಗಳೆಲ್ಲ ಬೆಳ್ಳಗಿದ್ದವು. ಅವನು ಆಗಲೇ ಆವಿಯ ನಳಿಕೆ ಒರೆಸುತ್ತಿದ್ದ. "ಸಕ್ಕರೆ ಹಾಕ್ಲಾ ಅಣ್ಣ, ಬೆಲ್ಲ ಹಾಕ್ಲಾ?"